ಸ್ಟಿಕರ್ ತಂದವರು, ಸಿಕ್ಕು ಒಯ್ದವರು: ಒಂದು ಡೆವಲಪರ್ ಗುಂಪಿನ ಪ್ರಕರಣ

ಈ ಪ್ರಕರಣದಲ್ಲಿ ಊರಿನ ಹೆಸರಿಲ್ಲ, ಜನರ ಹೆಸರೂ ಇಲ್ಲ. ಅಡಿಕೆ ಮಂಡಿ ಇರುವ ಊರು, ಬೆಂಗಳೂರಿಗೆ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು, ಅಷ್ಟು ಗೊತ್ತಿದ್ದರೆ ಸಾಕು. ಇಸವಿಗಳನ್ನೂ ಬೇಕಂತಲೇ ಬಿಟ್ಟಿದ್ದೇನೆ. ಇಸವಿ ಹೇಳಿಬಿಟ್ಟರೆ ಕೊನೆಯಲ್ಲಿ ವೇದಿಕೆ ಹತ್ತಿದ ಹುಡುಗಿ ಯಾರು ಅಂತ ಹುಡುಕೋದು ಕಷ್ಟವಲ್ಲ. ಅವಳಿಗೆ ಅದು ಬೇಡವಂತೆ.

ಗುಂಪು ನಡೆಸಿದವರು ಮೂವರು. ಒಬ್ಬರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು. ಇಲ್ಲಿ ಮೇಷ್ಟ್ರು ಅನ್ನುತ್ತೇನೆ. ಇನ್ನೊಬ್ಬರು ಹದಿನೈದು ವರ್ಷದಿಂದ ಮಂಡಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವವರು. ಅವರು ಎಲ್ಲರಿಗೂ ಬಿಲ್ಲಿಂಗ್ ಅಣ್ಣ. ಮೂರನೆಯವನು ನಾನು. ಕೊರೋನಾ ಕಾಲದಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಬಂದವನು, ವಾಪಸ್ ಹೋಗಲೇ ಇಲ್ಲ. ಕೆಲಸ ಮನೆಯಿಂದಲೇ. ಸುತ್ತ ಕೋಡ್ ಬಗ್ಗೆ ಮಾತಾಡಲು ಒಬ್ಬರೂ ಇಲ್ಲ ಅನ್ನುವ ಬೇಜಾರೇ ಇದಕ್ಕೆಲ್ಲ ಮೂಲ.

ಹಿನ್ನೆಲೆ

ಬೆಂಗಳೂರಿನವರಿಗೆ ಪ್ರೋಗ್ರಾಮಿಂಗ್ ಸಮ್ಮೇಳನ ಹೊಸದೇನಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಶುರುವಾದ ಮುಕ್ತ ತಂತ್ರಾಂಶದ ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. 2006ರಲ್ಲಿ ಬಾರ್‌ಕ್ಯಾಂಪ್ ಬಂತು. ಬೆಳಿಗ್ಗೆ ಬಂದವರೇ ಬೋರ್ಡಿನ ಮೇಲೆ ವಿಷಯ ಬರೆದು, ಅವರೇ ಮಾತಾಡಿ, ಅವರೇ ಕೇಳಿಸಿಕೊಳ್ಳುವ ಕೂಟ ಅದು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರ ಸಮ್ಮೇಳನ ಪೈಕಾನ್ ಇಂಡಿಯಾ. ಅದು ಮೊದಲು ನಡೆದದ್ದು 2009ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಆಮೇಲೆ ಅದು ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಎಲ್ಲ ಸುತ್ತಿತು. 2020ರಿಂದ ಮೂರು ವರ್ಷ ಆನ್‌ಲೈನ್‌ನಲ್ಲೇ ನಡೆದು, 2024 ಮತ್ತು 2025ರಲ್ಲಿ ಮತ್ತೆ ಬೆಂಗಳೂರಿನ ನಿಮ್ಹಾನ್ಸ್ ಸಭಾಭವನಕ್ಕೆ ಬಂತು. ಇಂಥವನ್ನು ನಡೆಸುವವರು ಬಹುಪಾಲು ಸ್ವಯಂಸೇವಕರು. ಹಗಲು ಆಫೀಸು, ರಾತ್ರಿ ಊಟದ ಲೆಕ್ಕ, ಕುರ್ಚಿ ಲೆಕ್ಕ.

ನಾನೂ ಮೇಷ್ಟ್ರೂ ಹೋದದ್ದು ಇಂಥದ್ದೇ ಒಂದಕ್ಕೆ. ಎರಡು ದಿನದಲ್ಲಿ ಹನ್ನೊಂದು ಭಾಷಣ ಕೇಳಿದೆವು. ಒಂದು ಹಾಲಿನಿಂದ ಇನ್ನೊಂದು ಹಾಲಿಗೆ ಓಡುತ್ತಿದ್ದೆವು, ಒಂದನ್ನೂ ಬಿಡಬಾರದು ಅಂತ. ಕೊಟ್ಟ ಕಾಸು ವಸೂಲಿ ಆಗಬೇಕಲ್ಲ! ಟೀ ಶರ್ಟ್ ಸಿಕ್ಕಿತು. ಮೇಷ್ಟ್ರು ಮಗನಿಗೆ ಅಂತ ಒಂದು ಕವರ್ ತುಂಬ ಸ್ಟಿಕರ್ ತುಂಬಿಕೊಂಡರು. ಊಟದ ಸಾಲಿನಲ್ಲಿ ನಾವಿಬ್ಬರೇ ಮಾತಾಡಿಕೊಂಡೆವು. ಎರಡು ದಿನದಲ್ಲಿ ಹೊಸಬರ ಜೊತೆ ಮಾತಾಡಿದ್ದು ಒಂದೇ ಸಲ. ನೀರಿನ ಕ್ಯಾನ್ ಎಲ್ಲಿದೆ ಅಂತ ಕೇಳಿದ್ದು.

ಆಗ ಇದು ತಪ್ಪು ಅಂತ ಅನ್ನಿಸಿರಲಿಲ್ಲ. ವಾಪಸ್ ಬರುವ ರೈಲಿನಲ್ಲಿ ನಿದ್ದೆಯಿಲ್ಲದೆ ಯೋಜನೆ ಹಾಕಿದೆವು. ಇಂಥದ್ದೇ ನಮ್ಮೂರಲ್ಲೂ ಮಾಡಬೇಕು, ಚಿಕ್ಕದಾಗಿ, ತಿಂಗಳಿಗೊಂದು.

ಸಮಸ್ಯೆ

ಕಾಲೇಜಿನ ಸೆಮಿನಾರ್ ಹಾಲ್ ಮೇಷ್ಟ್ರ ಮಾತಿಗೆ ಸಿಕ್ಕಿತು. ಮೊದಲ ತಿಂಗಳು 84 ಜನ ಬಂದರು. ನಮಗೆ ಖುಷಿಯೋ ಖುಷಿ. ಆಗ ಒಂದು ವಿಷಯವನ್ನು ನಾವು ನೋಡಿಯೂ ನೋಡದ ಹಾಗಿದ್ದೆವು. ವಿಭಾಗದ ಮುಖ್ಯಸ್ಥರು ಎರಡು ಸೆಕ್ಷನ್ ಹುಡುಗರಿಗೆ ಹಾಜರಿ ಕೊಡ್ತೀವಿ ಅಂತ ನೋಟೀಸ್ ಹಾಕಿಸಿದ್ದರು. ಜೊತೆಗೆ ಸರ್ಟಿಫಿಕೇಟ್. ಎರಡನೇ ತಿಂಗಳು ಬಂದವರು 31. ಮೂರನೇ ತಿಂಗಳು 9. ನಾಲ್ಕನೇ ತಿಂಗಳು 7 ಜನ ಇದ್ದೆವು, ಅದರಲ್ಲಿ ಮೂವರು ನಾವೇ.

ಏನು ಮಾಡುತ್ತಿದ್ದೆವು ಅಂತ ಹೇಳಿದರೆ ಕಾರಣ ಅರ್ಥವಾಗುತ್ತದೆ. ನನ್ನ ಹಳೇ ಸಹೋದ್ಯೋಗಿಯೊಬ್ಬ ಬೆಂಗಳೂರಿನಿಂದ ವಿಡಿಯೋ ಕರೆಯಲ್ಲಿ ಕುಬರ್ನೆಟೀಸ್ ಬಗ್ಗೆ ಇಂಗ್ಲಿಷ್‌ನಲ್ಲಿ ಒಂದೂವರೆ ಗಂಟೆ ಮಾತಾಡಿದ. ಕೇಳುತ್ತಿದ್ದವರಲ್ಲಿ ಅರ್ಧ ಜನ ಒಂದು ಸರ್ವರ್ ಕೂಡ ನಡೆಸಿದವರಲ್ಲ. ನೂರಾರು ಸರ್ವರ್ ಸಂಭಾಳಿಸುವ ಸಾಧನದ ಮಾತು ಅವರಿಗೆ ಯಾಕೆ ಬೇಕು? ಕೊನೆಗೆ "ಎನಿ ಕ್ವೆಶ್ಚನ್ಸ್?" ಅಂದ. ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳಿಸಿತು. ಮುಂದಿನ ಸಲ ನಾನೇ ಎಐ ಬಗ್ಗೆ ಮಾತಾಡಿದೆ. ಸ್ಲೈಡುಗಳು ಚೆನ್ನಾಗಿದ್ದವು ಅಂತ ಈಗಲೂ ಹೇಳುತ್ತೇನೆ. ಫ್ಯಾನ್ ಸದ್ದು ಮಾತ್ರ ಬದಲಾಗಲಿಲ್ಲ.

ಮೊದಲ ತಿರುವು: ಕೀಲಿ ಸಿಗದ ಭಾನುವಾರ

ನಾಲ್ಕನೇ ತಿಂಗಳು ಹಾಲ್ ಬೀಗ ಹಾಕಿತ್ತು. ಕೀಲಿ ಲ್ಯಾಬ್ ಅಸಿಸ್ಟೆಂಟ್ ಹತ್ತಿರ. ಅವರು ತಂಗಿಯ ಮದುವೆಗೆ ಹೋಗಿದ್ದರು. ವಾಚ್‌ಮನ್ "ನಂಗೇನ್ ಗೊತ್ತು ಸಾರ್" ಅಂದು ಪೇಪರ್ ಓದಲು ಕೂತ. ಬಂದಿದ್ದ ನಾಲ್ವರನ್ನು ಹಾಗೇ ಕಳಿಸಲು ಮನಸ್ಸಾಗದೆ ಕ್ಯಾಂಟೀನ್ ಮೆಟ್ಟಿಲ ಮೇಲೆ ಕೂತೆವು. ಪ್ರೊಜೆಕ್ಟರ್ ಇಲ್ಲ, ಭಾಷಣಕಾರರ ಜೊತೆ ವಿಡಿಯೋ ಕರೆ ಮಾಡಲು ನೆಟ್ಟಗೆ ಸಿಗ್ನಲ್ ಇಲ್ಲ.

ಆಗ ಬಿಲ್ಲಿಂಗ್ ಅಣ್ಣ ಜೇಬಿನಿಂದ ಒಂದು ಚೀಟಿ ತೆಗೆದರು. ಅಡಿಕೆ ತೂಕದ ಚೀಟಿ. ಥರ್ಮಲ್ ಪ್ರಿಂಟರಿನಲ್ಲಿ ಹೊಡೆದದ್ದು. "ಇದನ್ನ ನೋಡ್ರಿ ಮೇಷ್ಟ್ರೇ, ಮೂರು ತಿಂಗಳಿಂದ ತಲೆ ತಿಂತಾ ಇದೆ" ಅಂದರು. ಚೀಟಿಯಲ್ಲಿ ಬೆಟ್ಟೆ ಅನ್ನುವ ಅಡಿಕೆಯ ಬಗೆ "ಬೆಟ್‌ಟೆ" ಅಂತ ಬಿದ್ದಿತ್ತು. ರೈತರ ಹೆಸರು ಸಿದ್ದಪ್ಪ ಹೋಗಿ "ಸಿದ್‌ದಪ್‌ಪ" ಆಗಿತ್ತು. ರಾಶಿ, ಗೊರಬಲು, ಸರಕು ಅನ್ನುವ ಉಳಿದ ಬಗೆಗಳನ್ನು ಹೇಗೋ ಓದಬಹುದಿತ್ತು. ಒತ್ತಕ್ಷರ ಬಂದಲ್ಲೆಲ್ಲ ಕಥೆ ಮುಗಿದಿತ್ತು. ಇಂಗ್ಲಿಷ್‌ನಲ್ಲೇ ಹೊಡೆದು ಕೊಡಿ ಅಂದರೆ ಮಂಡಿ ಸಾಹುಕಾರರು ಒಪ್ಪುತ್ತಿರಲಿಲ್ಲ. ರೈತರು ಚೀಟಿ ಓದಿಕೊಳ್ಳಬೇಕು, ಓದಿಕೊಂಡರೆ ಜಗಳ ಕಡಿಮೆ ಅನ್ನುವುದು ಅವರ ಲೆಕ್ಕ.

ಅವತ್ತು ಎರಡೂವರೆ ಗಂಟೆ ಮಾತು ನಡೆಯಿತು. ಬಿಸಿಎ ಕೊನೆಯ ವರ್ಷದ ಹುಡುಗಿಯೊಬ್ಬಳು ಹಿಂದಿನ ಮೂರು ಸಲವೂ ಬಂದು ಕೊನೆಯ ಸಾಲಿನಲ್ಲಿ ಕೂತು ಹೋಗಿದ್ದಳು. ಅವಳು ಲ್ಯಾಪ್‌ಟಾಪ್ ತೆಗೆದು ಪೈಥಾನ್‌ನಲ್ಲಿ "ಬೆಟ್ಟೆ" ಪದದ ಉದ್ದ ಕೇಳಿದಳು. ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್ ಹೇಳಿದ್ದು ಆರು. ಬ, ಎತ್ವ, ಟ, ಅದನ್ನು ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಇನ್ನೊಂದು ಟ, ಇನ್ನೊಂದು ಎತ್ವ. ಯೂನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ, ಇವನ್ನು ಬಿಡಿಬಿಡಿಯಾಗಿಯೇ ಇಡುತ್ತದೆ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವ ಕೆಲಸ ಬೇರೆಯದೇ ಒಂದು ಸಾಫ್ಟ್‌ವೇರಿನದು. "ಅಂದ್ರೆ ಅಕ್ಷರ ಕೆಟ್ಟಿಲ್ಲ ಅಣ್ಣ, ಕೂಡಿಸೋರು ಬಂದಿಲ್ಲ ಅಷ್ಟೇ" ಅಂದಳು. ಆ ತಿಂಗಳು ನಾನು ಕೇಳಿದ ಅತ್ಯುತ್ತಮ ವಿವರಣೆ ಅದು. ನನ್ನ ಸ್ಲೈಡುಗಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಫೋನ್ ಮಾಡಿ ಕೇಳಿದ್ದು

ಮರುವಾರ ಮೇಷ್ಟ್ರು ಒಂದು ಕೆಲಸ ಮಾಡಿದರು. ಇಡೀ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ನಿರ್ಧಾರ ಇದು. ಮೊದಲ ಸಲ ಬಂದು ಆಮೇಲೆ ಬಾರದವರಲ್ಲಿ ಇಪ್ಪತ್ತು ಜನಕ್ಕೆ ಫೋನ್ ಮಾಡಿದರು. ಫಾರ್ಮ್ ಕಳಿಸೋಣ ಅಂತ ನಾನು ಹೇಳಿದ್ದೆ. "ಫಾರ್ಮಿಗೆ ಎಲ್ರೂ ಗುಡ್ ಅಂತ ಒತ್ತುತ್ತಾರೆ, ಫೋನಲ್ಲಿ ಉಸಿರು ಕೇಳ್ಸುತ್ತೆ" ಅಂದರು ಅವರು.

ಉಸಿರು ಕೇಳಿಸಿತು. ಕೆಲವರು ನೇರವಾಗಿ "ಸರ್ಟಿಫಿಕೇಟ್ ಸಿಕ್ತಲ್ಲ ಸರ್" ಅಂದರು. ಜಾಸ್ತಿ ಜನ ಹೇಳಿದ್ದು ಭಾಷೆಯ ಮಾತು. ಅರ್ಥ ಆಗುತ್ತಿತ್ತು, ಆದರೆ ಎದ್ದು ನಿಂತು ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ದಡ್ಡರು ಅಂದುಕೊಳ್ತಾರೆ ಅನ್ನುವ ಅಳುಕು. ನಾವು ನಿರೀಕ್ಷಿಸದೇ ಇದ್ದ ಕಾರಣ ಒಂದು ಬಂತು, ಬಸ್ಸು. ನಮ್ಮ ಕೂಟ ಮಧ್ಯಾಹ್ನ ಮೂರಕ್ಕೆ ಶುರುವಾಗಿ ಆರಕ್ಕೆ ಮುಗಿಯುತ್ತಿತ್ತು. ಸುತ್ತಲ ಹಳ್ಳಿಗಳಿಗೆ ಹೋಗುವ ಭಾನುವಾರದ ಕೊನೆಯ ಬಸ್ಸುಗಳು ಐದೂಮುಕ್ಕಾಲಕ್ಕೇ ಹೊರಡುತ್ತಿದ್ದವು. ನಾವು ಮೂವರೂ ಬೈಕಿನವರು. ನಮ್ಮ ತಲೆಗೆ ಅದು ಹೊಳೆದೇ ಇರಲಿಲ್ಲ.

ಬದಲಾಯಿಸಿದ್ದು

ಐದನೇ ತಿಂಗಳಿಂದ ಹೊಸ ಪದ್ಧತಿ. ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ. ಮಾತು ಕನ್ನಡದಲ್ಲಿ. ಕೋಡಿನ ಪದಗಳು ಇಂಗ್ಲಿಷ್‌ನಲ್ಲೇ ಇರಲಿ, ಫಂಕ್ಷನ್‌ಗೆ ಕನ್ನಡ ಪದ ಹುಡುಕುತ್ತ ಕೂರಬೇಕಾಗಿಲ್ಲ. ಭಾಷಣಕಾರರು ಬೇಡ. ಪ್ರತಿ ಸಲ ಯಾರಾದರೂ ಒಬ್ಬರು ತಮ್ಮ ಒಂದು ಸಿಕ್ಕು ತರಬೇಕು. ಬಿಡಿಸಿ ಆದದ್ದನ್ನು ತರುವಂತಿಲ್ಲ, ಇನ್ನೂ ಸಿಕ್ಕಾಗಿಯೇ ಇರುವುದನ್ನು ತರಬೇಕು. ಇದು ಬಿಲ್ಲಿಂಗ್ ಅಣ್ಣನ ಷರತ್ತು. "ಗೆದ್ದ ಕಥೆ ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ."

ಸರ್ಟಿಫಿಕೇಟ್ ನಿಲ್ಲಿಸೋಣ ಅಂದಾಗ ಮೇಷ್ಟ್ರು ಒಪ್ಪಲಿಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಕಾಲೇಜಿಗೆ ತೋರಿಸಲು ಏನೂ ಇರುವುದಿಲ್ಲ, ಹಾಲ್ ಕೈತಪ್ಪುತ್ತದೆ ಅಂದರು. ನಾನೂ ಅಣ್ಣನೂ ಹಟ ಹಿಡಿದೆವು. ಮೇಷ್ಟ್ರು ಹೇಳಿದ್ದೇ ಸರಿಯಾಯಿತು. ಮುಂದಿನ ತಿಂಗಳು ಹಾಲ್ ಸಿಗಲಿಲ್ಲ.

ಆಗ ನಾವು ಮಾಡಿದ ತಪ್ಪು ಇದೆಯಲ್ಲ, ಅದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಅಣ್ಣನ ಪರಿಚಯದ ಮಂಡಿಯೊಂದರ ಮಹಡಿ ಭಾನುವಾರ ಖಾಲಿ ಇರುತ್ತಿತ್ತು. ಬಾಡಿಗೆ ಇಲ್ಲ, ಕರೆಂಟ್ ಇದೆ, ಕೆಳಗೆ ಟೀ ಅಂಗಡಿ. ಮೂಟೆಗಳ ಮಧ್ಯೆ ಚಾಪೆ ಹಾಸಿ ಕೂತರೆ ಒಗರು ಒಗರು ಅಡಿಕೆ ವಾಸನೆ. ನಮಗೆ ಸ್ವರ್ಗ. ಎರಡು ತಿಂಗಳು ಅಲ್ಲಿ ನಡೆಸಿದೆವು. ಹದಿನಾಲ್ಕು ಜನ, ಹದಿನಾರು ಜನ ಬಂದರು. ಸಂಖ್ಯೆ ಏರುತ್ತಿದೆ ಅಂತ ಬೀಗಿದೆವು.

ಬರುತ್ತಿದ್ದ ಐವರು ಹುಡುಗಿಯರಲ್ಲಿ ಉಳಿದದ್ದು ಒಬ್ಬಳೇ ಅನ್ನುವುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಆ ಒಬ್ಬಳೇ ಹೇಳಬೇಕಾಯಿತು. ಬಿಸಿಎ ಹುಡುಗಿ ಒಂದು ದಿನ ಎಲ್ಲರೂ ಹೋದ ಮೇಲೆ ನಿಂತು ಹೇಳಿದಳು: "ಸರ್, ಮಂಡಿ ಮಹಡಿಗೆ ಹೋಗ್ತೀನಿ ಅಂದ್ರೆ ಯಾರ ಮನೇಲಿ ಕಳಿಸ್ತಾರೆ? ನಾನು ಲೈಬ್ರರಿಗೆ ಅಂತ ಸುಳ್ಳು ಹೇಳಿ ಬರ್ತಿದೀನಿ. ಮತ್ತೆ ಇಲ್ಲಿ ಟಾಯ್ಲೆಟ್ ಇಲ್ಲ. ಅದನ್ನ ನಿಮ್ಮನ್ನ ಹೇಗೆ ಕೇಳೋದು?"

ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತು ಜನಕ್ಕೆ ಫೋನ್ ಮಾಡಿ ಕಾರಣ ಕೇಳಿದವರು ನಾವೇ, ಜಾಗ ಬದಲಿಸುವಾಗ ಒಬ್ಬರನ್ನೂ ಕೇಳಿರಲಿಲ್ಲ. ಬಾಡಿಗೆ ಇಲ್ಲ ಅನ್ನುವುದಷ್ಟೇ ಕಣ್ಣಿಗೆ ಕಂಡಿತ್ತು. ಮೇಷ್ಟ್ರು ತಮ್ಮ ಹಳೇ ಶಿಷ್ಯೆಯೊಬ್ಬರು ಮುಖ್ಯ ಶಿಕ್ಷಕಿಯಾಗಿದ್ದ ಶಾಲೆಯಲ್ಲಿ ಒಂದು ಕೋಣೆ ಕೇಳಿ ಪಡೆದರು. ತಿಂಗಳಿಗೆ 300 ರೂಪಾಯಿ, ಆಯಾಗೆ ಬಾಗಿಲು ತೆಗೆದು ಗುಡಿಸಿದ್ದಕ್ಕೆ. ಆರನೇ ತರಗತಿಯ ಬೆಂಚುಗಳು, ಮಂಡಿ ಮಡಚಿ ಕೂರಬೇಕು. ಹೋದ ನಾಲ್ವರಲ್ಲಿ ಇಬ್ಬರು ವಾಪಸ್ ಬಂದರು. ಇನ್ನಿಬ್ಬರು ಬರಲೇ ಇಲ್ಲ.

ಐವತ್ತು ಸಾವಿರದ ಪ್ರಶ್ನೆ

ಮಧ್ಯೆ ಒಂದು ಕೋಚಿಂಗ್ ಸಂಸ್ಥೆಯವರು ಬಂದರು. ವರ್ಷಕ್ಕೆ 50 ಸಾವಿರ ಕೊಡ್ತೀವಿ, ಬ್ಯಾನರ್ ಹಾಕಿ, ಪ್ರತಿ ಕೂಟದಲ್ಲಿ ಹದಿನೈದು ನಿಮಿಷ ನಮಗೆ ಕೊಡಿ, ಬಂದವರ ಫೋನ್ ನಂಬರ್ ಪಟ್ಟಿ ಕೊಡಿ ಅಂದರು. ಅಣ್ಣ ಒಪ್ಪೋಣ ಅಂದರು. ಆ ದುಡ್ಡಲ್ಲಿ ನಾಲ್ಕೈದು ಜನರನ್ನು ಬೆಂಗಳೂರಿನ ಸಮ್ಮೇಳನಕ್ಕೆ ಕಳಿಸಬಹುದು ಅನ್ನುವುದು ಅವರ ವಾದ, ತಳ್ಳಿಹಾಕುವ ವಾದವಲ್ಲ. ಬ್ಯಾನರ್ ಬಗ್ಗೆ ನನಗೂ ತಕರಾರಿರಲಿಲ್ಲ. ಬೆಂಗಳೂರಿನ ಯಾವ ಸಮ್ಮೇಳನಕ್ಕೆ ಹೋದರೂ ಪ್ರಾಯೋಜಕರ ಬ್ಯಾನರ್ ಇದ್ದೇ ಇರುತ್ತವೆ. ಸಿಕ್ಕಿಹಾಕಿಕೊಂಡದ್ದು ಫೋನ್ ನಂಬರ್‌ನಲ್ಲಿ. ಸುಳ್ಳು ಹೇಳಿ ಬರುವ ಹುಡುಗಿಯ ಮನೆಗೆ ಯಾರೋ ಫೋನ್ ಮಾಡಿ "ನಿಮ್ಮ ಮಗಳು ನಮ್ಮ ಮೀಟಿಂಗಿಗೆ ಬಂದಿದ್ರಲ್ಲ" ಅಂದರೆ ಏನಾಗುತ್ತದೆ? ಬೇಡ ಅಂದೆವು.

ನಿರ್ಧಾರ ಸರಿ ಇತ್ತು ಅಂತ ಈಗಲೂ ಅನ್ನುತ್ತೇನೆ. ನಿರ್ಧರಿಸಿದ ರೀತಿ ಸರಿ ಇರಲಿಲ್ಲ. ನಾವು ಮೂವರೇ ಟೀ ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡಿದ್ದೆವು. ಎರಡು ವಾರದ ಮೇಲೆ ವಿಷಯ ಹೊರಗೆ ಬಂದಾಗ ತಪ್ಪದೆ ಬರುತ್ತಿದ್ದ ಒಬ್ಬ ಹುಡುಗ ಸಿಟ್ಟಾದ. "ನಿಮಗೆ ಕೆಲ್ಸ ಇದೆ ಸರ್, ನಿಮಗೆ ಪ್ಲೇಸ್‌ಮೆಂಟ್ ಬೇಡ. ನಮಗೆ ಬೇಕಾ ಬೇಡ್ವಾ ಅಂತ ನಮ್ಮನ್ನ ಕೇಳ್ಬೇಕಿತ್ತು." ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಆಮೇಲೆ ಬರಲಿಲ್ಲ.

ಬಿಡದ ಸಿಕ್ಕು

ಇಷ್ಟರಲ್ಲಿ ತೂಕದ ಚೀಟಿ ಎಲ್ಲಿಗೆ ಬಂದಿತ್ತು ಅಂತ ಹೇಳಬೇಕು. ಮೂರು ಇಂಚಿನ ಆ ಥರ್ಮಲ್ ಪ್ರಿಂಟರಿನ ಒಳಗಿದ್ದ ಅಕ್ಷರಗಳಲ್ಲಿ ಕನ್ನಡವೇ ಇರಲಿಲ್ಲ. ಅಣ್ಣನ ಹಳೇ ಪ್ರೋಗ್ರಾಂ ಪ್ರಿಂಟರಿಗೆ ನೇರವಾಗಿ ಕಮಾಂಡ್ ಕಳಿಸುತ್ತಿತ್ತು. ವಿಂಡೋಸ್ ಡ್ರೈವರ್ ಮೂಲಕ ಹೋದರೆ ಕನ್ನಡ ಸರಿ ಬರುತ್ತಿತ್ತು, ಆದರೆ ಇಡೀ ಪ್ರೋಗ್ರಾಂ ಬಿಚ್ಚಿ ಕಟ್ಟಬೇಕಿತ್ತು. ಅಣ್ಣ ಅದಕ್ಕೆ ಸಿದ್ಧರಿರಲಿಲ್ಲ. ಹಾಗಾಗಿ ಚೀಟಿಯನ್ನು ಚಿತ್ರವಾಗಿ ಬರೆದು ಕಳಿಸುತ್ತಿದ್ದರು. ಕಾಗದದ ಅಗಲ 80 ಮಿಲಿಮೀಟರ್, ಅದರಲ್ಲಿ ಅಚ್ಚಾಗುವುದು 72. ಮಿಲಿಮೀಟರಿಗೆ ಎಂಟು ಚುಕ್ಕಿ, ಅಂದರೆ ಸಾಲಿಗೆ 576 ಚುಕ್ಕಿ. ಆ ಅಗಲದ ಚಿತ್ರವನ್ನು ಪೈಥಾನ್‌ನ ಪಿಲ್ಲೋ ಲೈಬ್ರರಿ (ಲೈಬ್ರರಿ ಅಂದರೆ ಇಲ್ಲಿ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬರೆಯುತ್ತಿತ್ತು. ಒತ್ತಕ್ಷರ ಒಡೆಯುತ್ತಿದ್ದದ್ದು ಇಲ್ಲಿ.

ವಿಚಿತ್ರ ಏನು ಗೊತ್ತಾ? ಅದೇ ಕೋಡ್ ಮೇಷ್ಟ್ರ ಉಬುಂಟು (ಲಿನಕ್ಸಿನ ಒಂದು ಬಗೆ) ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ "ಬೆಟ್ಟೆ" ಮುತ್ತಿನ ಹಾಗೆ ಬರುತ್ತಿತ್ತು. ಮಂಡಿಯ ವಿಂಡೋಸ್ ಕಂಪ್ಯೂಟರಿನಲ್ಲಿ "ಬೆಟ್‌ಟೆ". ನಾಲ್ಕು ತಿಂಗಳು ಇದರ ಹಿಂದೆ ಬಿದ್ದೆವು. ಫಾಂಟ್ ಮೇಲೆ ಅನುಮಾನ ಬಂತು. ತುಂಗಾ, ನಿರ್ಮಲಾ, ನೋಟೋ, ಲೋಹಿತ್ ಎಲ್ಲ ಹಾಕಿ ನೋಡಿದೆವು. ಪ್ರಿಂಟರ್ ಬದಲಿಸಿದೆವು. ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿದೆವು. ಅಕ್ಷರ ಕೂಡಿಸುವ ಕೆಲಸಕ್ಕೆ ರಕ್ಮ್ ಅನ್ನುವ ಲೈಬ್ರರಿ ಬೇಕು ಅಂತ ಗೊತ್ತಿತ್ತು. ಮೇಷ್ಟ್ರು ಪಿಲ್ಲೋದ ಕೈಪಿಡಿ ನೋಡಿ, 8.2 ಆವೃತ್ತಿಯಿಂದ ರಕ್ಮ್ ಜೊತೆಗೇ ಬರುತ್ತದೆ, ಅದು ಕಾರಣ ಅಲ್ಲ ಅಂತ ಅದನ್ನು ಪಟ್ಟಿಯಿಂದ ಹೊಡೆದುಹಾಕಿದ್ದರು. ನಾವೂ ಹೌದು ಅಂದಿದ್ದೆವು.

ಎರಡನೇ ಪ್ರಯಾಣ

ಮುಂದಿನ ವರ್ಷದ ಸಮ್ಮೇಳನ ಹತ್ತಿರ ಬಂತು. ಕೋಚಿಂಗ್ ಪಾಠ ನೆನಪಿತ್ತು, ಈ ಸಲ ಎಲ್ಲರನ್ನೂ ಕೇಳಿದೆವು. ಕೂತವರೆಲ್ಲ ತಿಂಗಳಿಗೆ ನೂರು ರೂಪಾಯಿ ಹಾಕಿ ಇಬ್ಬರನ್ನು ಕಳಿಸುವುದು ಅಂತಾಯಿತು. ಕೆಲಸ ಇದ್ದವರು ಜಾಸ್ತಿ ಹಾಕಿದರು. ಯಾರು ಹೋಗಬೇಕು ಅನ್ನುವುದನ್ನು ಚೀಟಿ ಬರೆದು ಆರಿಸಿದರು. ನಾವು ಮೂವರು ಸ್ಪರ್ಧೆಗೆ ಇರಲಿಲ್ಲ. ಬಿಸಿಎ ಹುಡುಗಿಗೂ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಕೋಡ್ ಕಲಿಯುತ್ತಿದ್ದ ಒಬ್ಬ ಹುಡುಗನಿಗೂ ಹೆಚ್ಚು ಚೀಟಿ ಬಂದವು. ಹುಡುಗಿಯ ಮನೆಗೆ ಮೇಷ್ಟ್ರೂ ಅವರ ಹೆಂಡತಿಯೂ ಹೋಗಿ ಮಾತಾಡಿದರು. ಲೈಬ್ರರಿ ಸುಳ್ಳು ಅವತ್ತು ಮುಗಿಯಿತು. ಅಪ್ಪ ಒಪ್ಪಿದ್ದು ಚಿಕ್ಕಮ್ಮನ ಮನೆ ಜಯನಗರದಲ್ಲಿ ಇದ್ದದ್ದರಿಂದ.

ಹೋಗುವ ಮೊದಲು ಅವರಿಗೆ ನಾವು ಹೇಳಿಕೊಟ್ಟದ್ದು ನಮ್ಮ ಮೊದಲ ಪ್ರಯಾಣವನ್ನು ತಲೆಕೆಳಗು ಮಾಡಿದರೆ ಹೇಗಿರುತ್ತದೋ ಹಾಗಿತ್ತು. ದಿನಕ್ಕೆ ಮೂರಕ್ಕಿಂತ ಜಾಸ್ತಿ ಭಾಷಣ ಕೇಳಬೇಡಿ, ಇಂಥ ಸಮ್ಮೇಳನಗಳ ವಿಡಿಯೋ ಸಾಮಾನ್ಯವಾಗಿ ಆಮೇಲೆ ಸಿಗುತ್ತವೆ. ಉಳಿದ ಹೊತ್ತು ಪಡಸಾಲೆಯಲ್ಲಿರಿ. ಸಾಫ್ಟ್‌ವೇರ್ ಕೈಪಿಡಿಗಳನ್ನು ಇಡುವ ರೀಡ್ ದ ಡಾಕ್ಸ್ ತಾಣ ಕಟ್ಟಿದವರಲ್ಲಿ ಒಬ್ಬರಾದ ಎರಿಕ್ ಹೋಲ್ಷರ್ ಹೇಳಿದ ಪ್ಯಾಕ್‌ಮ್ಯಾನ್ ನಿಯಮ ಅಂತ ಒಂದಿದೆ. ಗುಂಪಾಗಿ ನಿಂತು ಮಾತಾಡುವಾಗ ಪೂರ್ತಿ ವೃತ್ತ ಕಟ್ಟದೆ ಒಬ್ಬರಿಗೆ ಆಗುವಷ್ಟು ಜಾಗ ಬಿಡಬೇಕು, ಆ ಆಟದ ಬಾಯಿ ತೆರೆದ ಗೊಂಬೆಯ ಹಾಗೆ. ಅಂಥ ಜಾಗ ಕಂಡರೆ ಹೋಗಿ ನಿಲ್ಲಿ, ಅದು ನಿಮಗಾಗಿಯೇ ಬಿಟ್ಟದ್ದು ಅಂದೆವು. ಕೊನೆಯದಾಗಿ, ತೂಕದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ಲೈಟ್ನಿಂಗ್ ಟಾಕ್ ಅಂತ ಇರುತ್ತದೆ. ಐದು ನಿಮಿಷ, ಯಾರು ಬೇಕಾದರೂ ಹೆಸರು ಕೊಡಬಹುದು, ಸಮಯ ಮುಗಿದರೆ ಚಪ್ಪಾಳೆ ತಟ್ಟಿ ಇಳಿಸುತ್ತಾರೆ. ಹೆಸರು ಕೊಡು ಅಂತ ಹುಡುಗಿಗೆ ಹೇಳಿದ್ದೆ. ಕೊಡ್ತಾಳೆ ಅಂತ ನಂಬಿಕೆ ಇರಲಿಲ್ಲ. ಎರಡನೇ ದಿನ ಮಧ್ಯಾಹ್ನ ಅವಳಿಂದ ಮೆಸೇಜ್ ಬಂತು: "ಸರ್ ಹೆಸರು ಬರೆದೆ. ಕೈ ನಡುಗ್ತಿದೆ. ಇಂಗ್ಲಿಷ್ ಬರ್ದೇ ಹೋದ್ರೆ?" ಅಣ್ಣ ಉತ್ತರ ಕಳಿಸಿದರು: "ಚೀಟಿ ತೋರ್ಸು ತಂಗಿ. ಚೀಟಿಗೆ ಇಂಗ್ಲಿಷ್ ಬೇಡ."

ಅವಳು ಅದನ್ನೇ ಮಾಡಿದಳು. ಎರಡು ಚೀಟಿಗಳ ಫೋಟೋ ಅಕ್ಕಪಕ್ಕ ಹಾಕಿ, ಒಂದೇ ಕೋಡ್, ಎರಡು ಕಂಪ್ಯೂಟರ್, ಯಾಕೆ ಹೀಗೆ ಅಂತ ಗೊತ್ತಿಲ್ಲ, ಗೊತ್ತಿದ್ದವರು ಹೇಳಿ ಅಂದಳು. ಮೂರು ನಿಮಿಷದಲ್ಲಿ ಮುಗಿಯಿತಂತೆ. ಆ ಸಾಲಿನಲ್ಲಿ ಮಾತಾಡಿದ ಉಳಿದವರೆಲ್ಲ ತಾವು ಮಾಡಿದ್ದನ್ನು ತೋರಿಸಿದವರು. ಪ್ರಶ್ನೆ ಕೇಳಲು ವೇದಿಕೆ ಹತ್ತಿದವಳು ಇವಳೊಬ್ಬಳೇ ಅಂತ ರಿಪೇರಿ ಅಂಗಡಿಯ ಹುಡುಗ ಆಮೇಲೆ ಹೇಳಿದ.

ಕೆಳಗಿಳಿದ ಮೇಲೆ ಪಡಸಾಲೆಯಲ್ಲಿ ನಾಲ್ಕೈದು ಜನ ಸೇರಿದರು. ತಮಿಳು ಮತ್ತು ಮಲಯಾಳಂ ಜೊತೆ ಇದೇ ಪಾಡು ಪಟ್ಟವರು ಇಬ್ಬರಿದ್ದರು. ಅವರಲ್ಲಿ ಒಬ್ಬರು ಅವಳ ಲ್ಯಾಪ್‌ಟಾಪ್ ಕೇಳಿ ಪಡೆದು ಒಂದೇ ಒಂದು ಸಾಲು ಬರೆದರು. ರಕ್ಮ್ ಇದೆಯಾ ಅಂತ ಪಿಲ್ಲೋವನ್ನೇ ಕೇಳುವ ಸಾಲು. ಉತ್ತರ ಬಂತು: ಫಾಲ್ಸ್, ಅಂದರೆ ಇಲ್ಲ.

ಕೈಪಿಡಿಯ ಆ ವಾಕ್ಯವನ್ನು ನಾವು ಅರ್ಧ ಓದಿದ್ದೆವು. ರಕ್ಮ್ ಜೊತೆಗೆ ಬರುತ್ತದೆ, ನಿಜ. ಆದರೆ ಅದು ಓಡುವಾಗ ಫ್ರಿಬಿಡಿ ಅನ್ನುವ ಇನ್ನೊಂದು ಲೈಬ್ರರಿಯನ್ನು ಹುಡುಕುತ್ತದೆ. ಅದು ಸಿಗದಿದ್ದರೆ ಸುಮ್ನೆ ಪಕ್ಕಕ್ಕೆ ಸರಿದುಬಿಡುತ್ತದೆ, ದೂರೂ ಹೇಳುವುದಿಲ್ಲ. ಮೇಷ್ಟ್ರ ಉಬುಂಟುವಿನಲ್ಲಿ ಅದು ಮೊದಲೇ ಇತ್ತು. ವಿಂಡೋಸಿನಲ್ಲಿ ನಾವೇ ತಂದು ಇಡಬೇಕಿತ್ತು. ತಮಾಷೆ ಅಂದರೆ ಫ್ರಿಬಿಡಿ ಇರುವುದು ಅರೇಬಿಕ್, ಹೀಬ್ರೂ ಥರ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ. ಎಡದಿಂದ ಬಲಕ್ಕೆ ಬರೆಯುವ ನಮ್ಮ ಸಿದ್ದಪ್ಪನ ಹೆಸರು ಅದಿಲ್ಲದೆ ಒಡೆದು ಹೋಗಿತ್ತು. ಒಂದು ಡಿಎಲ್‌ಎಲ್ ಫೈಲ್, ಅಷ್ಟೇ.

ನಾಲ್ಕು ತಿಂಗಳು ದಂಡ ಆಯ್ತು ಅಂತ ಅನ್ನಿಸಬಹುದು. ನನ್ನ ಅಭಿಪ್ರಾಯ ಬೇರೆ. ಆ ಇಬ್ಬರು ತುಂಗಾ ಹಾಕಿ ನೋಡಿದ್ರಾ, ಆವೃತ್ತಿ ಯಾವುದು, ಇನ್ನೊಂದು ಕಂಪ್ಯೂಟರಿನಲ್ಲಿ ಏನಾಯ್ತು ಅಂತ ಕೇಳಿದ್ದಕ್ಕೆಲ್ಲ ಅವಳ ಹತ್ತಿರ ಉತ್ತರ ಇತ್ತು. ಬೆಂಚಿನ ಮೇಲೆ ಮಂಡಿ ಮಡಚಿ ಕೂತು ನಾವು ಎಲ್ಲವನ್ನೂ ಮಾಡಿ ನೋಡಿದ್ದೆವಲ್ಲ. ಹಾಗಾಗಿ ಉಳಿದ ಒಂದೇ ಬಾಗಿಲನ್ನು ಅವರು ಐದು ನಿಮಿಷದಲ್ಲಿ ತೆಗೆದರು. ನಾನೂ ಮೇಷ್ಟ್ರೂ ಮೊದಲ ವರ್ಷ ಅದೇ ಥರದ ಪಡಸಾಲೆಯಲ್ಲಿ ನಿಂತಿದ್ದೆವು. ಕೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಈಗ

ಗುಂಪು ದೊಡ್ಡದಾಗಿಲ್ಲ. ಹನ್ನೆರಡು ಜನ ಬರುತ್ತಾರೆ, ಮಳೆಗಾಲದಲ್ಲಿ ಎಂಟು. ಮೇಷ್ಟ್ರಿಗೆ ಕಾಲೇಜಿನ ಕೆಲಸ ಹೆಚ್ಚಾಗಿ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಶಾಲೆಯ ಕೋಣೆಯ ಕೀಲಿ ಈಗ ಬಿಸಿಎ ಹುಡುಗಿಯ ಕೈಲಿದೆ. ಅವಳಿಗೆ ಬೆಂಗಳೂರಲ್ಲಿ ಕೆಲಸ ಸಿಗುವ ಸೂಚನೆ ಇದೆ, ಸಿಕ್ಕರೆ ಕೀಲಿ ಯಾರಿಗೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಬೇರೆ ಊರಿನವರು ಯಾರಾದರೂ ಇಂಥದ್ದು ಶುರು ಮಾಡ್ತೀವಿ ಅಂತ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಹಾಲ್ ಬಗ್ಗೆ ಅಲ್ಲ, ಭಾಷಣಕಾರರ ಬಗ್ಗೆಯೂ ಅಲ್ಲ. ಭಾನುವಾರ ಕೊನೇ ಬಸ್ ಎಷ್ಟು ಹೊತ್ತಿಗೆ, ಟಾಯ್ಲೆಟ್ ಇದೆಯಾ ಅಂತ ಕೇಳುತ್ತೇನೆ.

ಚೀಟಿ ಸರಿಯಾಗಿ ಬರತೊಡಗಿದ ಮೇಲೆ ಅಣ್ಣ ಅದನ್ನು ಇನ್ನೂ ನಾಲ್ಕು ಮಂಡಿಗಳಲ್ಲಿ ಹಾಕಿದರು. ಹೋದ ತಿಂಗಳು ಮೊದಲ ಮಂಡಿಯ ಸಾಹುಕಾರರು ಅವರನ್ನು ಕರೆಸಿ, ಅಕ್ಷರ ಏನೋ ಚೆನ್ನಾಗಿದೆ, ಆದರೆ ಒತ್ತಕ್ಷರಕ್ಕೆ ಜಾಗ ಬೇಕು ಅಂತ ಸಾಲುಗಳ ಮಧ್ಯೆ ಅಂತರ ಬಿಟ್ಟಿದೀರಲ್ಲ, ಪೇಪರ್ ರೋಲ್ ಮೊದಲಿಗಿಂತ ಬೇಗ ಮುಗೀತಿದೆ, ಇದಕ್ಕೇನ್ ಮಾಡ್ತೀರಿ ಅಂತ ಕೇಳಿದರಂತೆ. ಬರುವ ಎರಡನೇ ಭಾನುವಾರಕ್ಕೆ ಸಿಕ್ಕು ಅದೇ.